ಯಾರೂ ಕೇಳದಿದ್ದರೂ ಹೇಳುತ್ತೇವೆ

ಹೆಸರಾಂತ ಜಾಲತಾಣವೊಂದನ್ನು ಎತ್ತಿಕೊಂಡು, ಅದರ ಒಡೆಯರು ಕೇಳದಿದ್ದರೂ, ‘ಇದರ ಮುಖ ಹೀಗಿದ್ದರೆ ಚೆನ್ನಾಗಿತ್ತು’ ಎಂದು ಹೊಸ ವಿನ್ಯಾಸ ಬರೆದು ನಾಲ್ವರ ಮುಂದಿಡುವ ಪರಿಪಾಠ ವಿನ್ಯಾಸ ಕಲಿತ ತರುಣರಲ್ಲಿ ಈಗ ಬಹಳವಾಗಿದೆ. ಕೆಲಸ ಹುಡುಕುತ್ತಿರುವವರಿಗೆ ಅದೊಂದು ಬಗೆಯ ಅರ್ಜಿ. ಗೂಗಲ್ ಫಾಂಟ್ಸ್ ಎಂಬ ಅಕ್ಷರದಂಗಡಿಯೂ ಇಂಥವರ ಕೈಯಿಂದ ತಪ್ಪಿಸಿಕೊಂಡಿಲ್ಲ. ಗುಂಡಿಗಳು ದುಂಡಗಾಗುತ್ತವೆ, ಬಣ್ಣ ತಿಳಿಯಾಗುತ್ತದೆ, ಹುಡುಕುವ ಪೆಟ್ಟಿಗೆ ಎಡದಿಂದ ಬಲಕ್ಕೆ ಸರಿಯುತ್ತದೆ; ಒಳಗಿನ ಮಾದರಿ ಅಕ್ಷರಗಳು ಮಾತ್ರ ಇಂಗ್ಲಿಷಿನವೇ. ಕನ್ನಡವೆಂಬುದೊಂದು ಲಿಪಿ ಆ ಅಂಗಡಿಯ ಕಪಾಟಿನಲ್ಲಿ ಉಂಟೆಂಬ ಸುಳಿವು ಇಂಥ ಚಿತ್ರಗಳಲ್ಲಿ ನಮಗಂತೂ ಸಿಕ್ಕಿಲ್ಲ.

‘ವೇಲಚೇರಿಯಲ್ಲಿ ಕುಳಿತ ನಮಗೆ ಊರ ಉಸಾಬರಿ ಏಕೆ?’ ಎಂದು ಸಂಘದ ಹಿರಿಯರೊಬ್ಬರು ಕೇಳಿದರು. ಓದುಗರಲ್ಲಿ ಹಲವರಿಗೂ ಹಾಗೆಯೇ ಅನಿಸಬಹುದು. ಈ ಉಸಾಬರಿ ನಮ್ಮದೇ ಎಂದು ತೋರಿಸಲು ಈ ನಾಲ್ಕು ಮಾತು.

ಮೊದಲು ಅಂಗಡಿಯ ವಿಷಯ. ಗಣಕದಲ್ಲಿ ಕನ್ನಡ ಬಂದ ಹೊಸತರಲ್ಲಿ, ಅಂದರೆ ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದು, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದ ಕಾಲದಲ್ಲಿ, ಬರೆದವರ ಗಣಕದಲ್ಲಿದ್ದ ಫಾಂಟೇ ಓದುವವರ ಗಣಕದಲ್ಲೂ ಇರಬೇಕಾಗಿತ್ತು. ಇಲ್ಲದಿದ್ದರೆ ಅಣ್ಣ ಮೈಸೂರಿನಿಂದ ಕಳಿಸಿದ ಕಾಗದ ಇಲ್ಲಿ ತಲೆಬುಡವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತಿತ್ತು. ಯೂನಿಕೋಡಿನಿಂದ ಪ್ರತಿ ಅಕ್ಷರಕ್ಕೂ ಲೋಕಕ್ಕೆಲ್ಲ ಒಂದೇ ಸಂಖ್ಯೆ ಸಿಕ್ಕಿತು. ಫಾಂಟು ಪುಟದ ಜೊತೆಯಲ್ಲೇ ದೂರದ ಗಣಕದಿಂದ ಇಳಿದು ಬರುವ ಏರ್ಪಾಡೂ ಆಯಿತು. ಆ ಏರ್ಪಾಡಿನ ಅತಿ ದೊಡ್ಡ ಅಂಗಡಿಗಳಲ್ಲಿ ಒಂದು ಗೂಗಲಿನದು. 2010ರಲ್ಲಿ ತೆರೆಯಿತು, 2016ರಲ್ಲಿ ತನ್ನ ಮುಖವನ್ನು ಪೂರ್ತಿ ಬದಲಿಸಿಕೊಂಡಿತು. ಸಾವಿರಕ್ಕೂ ಮಿಕ್ಕ ಅಕ್ಷರಶೈಲಿಗಳಲ್ಲಿ ಕನ್ನಡದವು ಎರಡು ಕೈಬೆರಳುಗಳಲ್ಲಿ ಎಣಿಸುವಷ್ಟು, ಹೆಚ್ಚೆಂದರೆ ಇನ್ನೊಂದು ನಾಲ್ಕು: ನೋಟೋ ಸ್ಯಾನ್ಸ್, ನೋಟೋ ಸೆರಿಫ್, ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ, ಅಕಾಯ ಕನ್ನಡಕ, ತಿರೋ ಕನ್ನಡ, ಅನೇಕ್ ಕನ್ನಡ ಇತ್ಯಾದಿ. ಇವುಗಳನ್ನು ರೂಪಿಸಿದವರ ಶ್ರಮಕ್ಕೆ ನಮ್ಮ ವಂದನೆಗಳು. ನಮ್ಮ ಜಗಳ ಅಕ್ಷರ ಬರೆದವರ ಮೇಲಲ್ಲ, ಅಂಗಡಿ ಜೋಡಿಸುವವರ ಮೇಲೆ.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ. ಬಿಟ್ಟಿಯಾಗಿ ಕೊಡುತ್ತಿದ್ದಾರೆ, ದಾನದ ಹಸುವಿನ ಹಲ್ಲು ಎಣಿಸುವುದು ಸಭ್ಯತೆಯೇ? ಈ ಹಸು ಅಷ್ಟೇನೂ ದಾನದ್ದಲ್ಲ. ಈ ಬಗೆಯ ಫಾಂಟು ಇಳಿದು ಬರುವಾಗ ಓದುಗನ ಗಣಕದ ವಿಳಾಸ ಕಂಪನಿಗೆ ತಿಳಿಯುತ್ತದೆ. ಅನುಮತಿ ಕೇಳದೆ ಹೀಗೆ ವಿಳಾಸ ರವಾನಿಸಿದ ಜಾಲತಾಣವೊಂದರ ಮೇಲೆ ಜರ್ಮನಿಯ ಮ್ಯೂನಿಕ್ ನ್ಯಾಯಾಲಯ 2022ರ ಜನವರಿಯಲ್ಲಿ ಓದುಗನೊಬ್ಬನಿಗೆ 100 ಯೂರೋ ಪರಿಹಾರ ಕೊಡಿಸಿತು. ಹಣದ ಮೊತ್ತ ಸಣ್ಣದು. ಆದರೆ ಪುಟ ತೆರೆದ ಓದುಗನಿಗೂ ಈ ವ್ಯವಹಾರದಲ್ಲಿ ಹಕ್ಕುಂಟೆಂದು ಅದರಿಂದ ಸ್ಪಷ್ಟವಾಯಿತಲ್ಲವೇ? ಹಲ್ಲು ಎಣಿಸಲು ನಮಗೆ ಅಷ್ಟು ಅಧಿಕಾರ ಸಾಕು.

ಇನ್ನು ಕೇಳದೆ ಬದಲಿಸುವ ವಿಚಾರ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಗಿರಿ ಮಾಡುವ ನಮಗೆ ಇದರ ರುಚಿ ಚೆನ್ನಾಗಿ ಗೊತ್ತು. ಶುಕ್ರವಾರ ಸಂಜೆ ನೋಡಿದ ಪರದೆ ಸೋಮವಾರ ಬೆಳಿಗ್ಗೆ ಇರುವುದಿಲ್ಲ. ದಿನಕ್ಕೆ ಇನ್ನೂರು ಸಲ ಒತ್ತುವ ಗುಂಡಿ ಮೂರು ಬಾಗಿಲು ದಾಟಿ ಒಳಗೆ ಅಡಗಿ ಕುಳಿತಿರುತ್ತದೆ, ವರ್ಷಕ್ಕೊಮ್ಮೆ ಒತ್ತುವುದು ಹೊಸಿಲಿನಲ್ಲೇ ನಿಂತಿರುತ್ತದೆ. ಬದಲಿಸಿದವರು ಆ ಗುಂಡಿಯನ್ನು ಒಂದು ದಿನವೂ ಒತ್ತಿದವರಲ್ಲ. ಕೇಳದೆ ಬದಲಿಸಿದ್ದನ್ನು ನಾವು ತಪ್ಪೆನ್ನುವುದಿಲ್ಲ. ಬಳಸದೆ ಬದಲಿಸಿದ್ದು ತಪ್ಪು. ಈ ಎರಡಕ್ಕೂ ಇರುವ ಅಂತರವನ್ನು ಈ ಚೆನ್ನೈ ನಗರದಲ್ಲಿರುವವರಿಗೆ ವಿವರಿಸುವುದು ಸುಲಭ.

ಪೆರಿಯಾರ್ ಈ. ವೆ. ರಾಮಸ್ವಾಮಿಯವರು 1935ರಲ್ಲಿ ತಮ್ಮ ‘ಕುಡಿ ಅರಸು’ ಪತ್ರಿಕೆಯಲ್ಲಿ ತಮಿಳಿನ ಕೆಲವು ಅಕ್ಷರಗಳ ರೂಪವನ್ನೇ ಬದಲಿಸಿ ಅಚ್ಚುಹಾಕಲು ತೊಡಗಿದರು. ಣಾ, ನಾ, ಣೈ, ಲೈ ಮುಂತಾದವಕ್ಕೆ ತಮಿಳಿನಲ್ಲಿದ್ದ ವಿಶೇಷ ಆಕಾರಗಳನ್ನು ಕೈಬಿಟ್ಟು, ಉಳಿದ ಅಕ್ಷರಗಳಂತೆಯೇ ಬರೆದರಾಯಿತು ಎಂದರು. ಯಾವ ಸರ್ಕಾರವೂ ಯಾವ ಪಂಡಿತ ಪರಿಷತ್ತೂ ಅವರನ್ನು ಕೇಳಿರಲಿಲ್ಲ. 43 ವರ್ಷಗಳಾದ ಮೇಲೆ, 1978ರಲ್ಲಿ, ಎಂ.ಜಿ.ಆರ್. ಸರ್ಕಾರ ಆ ರೂಪಗಳನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ನಮ್ಮ ಮಕ್ಕಳು ಇಲ್ಲಿನ ಶಾಲೆಯಲ್ಲಿ ಕಲಿಯುವುದು ಅದೇ ತಮಿಳನ್ನು. ಪೆರಿಯಾರರ ಇತರ ವಿಚಾರಗಳ ಬಗ್ಗೆ ನಮ್ಮ ಓದುಗರಲ್ಲಿ ನೂರು ಅಭಿಪ್ರಾಯಗಳಿವೆ, ಅದನ್ನು ಇಲ್ಲಿ ಕೆದಕುವುದಿಲ್ಲ. (ಅವರ ಮನೆಮಾತು ಕನ್ನಡವಾಗಿತ್ತೆಂಬುದನ್ನು ಮಾತ್ರ ನೆನಪಿಸದೆ ಇರಲಾರೆವು.) ತಾವು ಬದಲಿಸಿದ ಅಕ್ಷರದಲ್ಲೇ ಅವರು ತಮ್ಮ ಪತ್ರಿಕೆಯನ್ನು ಅಚ್ಚುಹಾಕಿದರು, ಮೊಳೆ ಜೋಡಿಸುವವನ ಕಷ್ಟವನ್ನೂ ಓದುಗನ ಕಷ್ಟವನ್ನೂ ಕಂಡರು. ಚಿತ್ರ ಬರೆದು ಗೋಡೆಗೆ ಅಂಟಿಸಿ ಹೋದವರಲ್ಲ.

ಆ ಅಳತೆಗೋಲಿನಲ್ಲಿ ನೋಡಿದರೆ ಅಕ್ಷರದಂಗಡಿಗೆ ಸಲಹೆ ಕೊಡುವ ಯೋಗ್ಯತೆ ವಲಸೆ ಬಂದ ಕನ್ನಡಿಗರಿಗೆ ಬೆಂಗಳೂರಿನವರಿಗಿಂತ ಒಂದು ಗುಲಗಂಜಿ ಹೆಚ್ಚೇ ಉಂಟು. ಏಕೆಂದರೆ ಬೆಂಗಳೂರಿನ ಮಗು ಬಸ್ಸಿನ ಬೋರ್ಡಿನಲ್ಲಿ, ಅಂಗಡಿಯ ಫಲಕದಲ್ಲಿ, ಶಾಲೆಯ ಪುಸ್ತಕದಲ್ಲಿ ಕನ್ನಡ ಕಾಣುತ್ತದೆ. ಒಂದು ಕಡೆ ಅಕ್ಷರ ಕೆಟ್ಟರೆ ಇನ್ನೊಂದು ಕಡೆ ಸರಿಯಾಗಿರುತ್ತದೆ. ವಿಜಯನಗರ ಬಸ್ ನಿಲ್ದಾಣದಿಂದ ದಂಡೀಶ್ವರರ ಗುಡಿಯವರೆಗೆ ನಡೆದರೆ ನಮ್ಮ ಮಗುವಿಗೆ ಎಷ್ಟು ಕನ್ನಡ ಅಕ್ಷರ ಸಿಕ್ಕೀತು? ಈ ಊರಿಗೆ ಕನ್ನಡದ ಅಚ್ಚು ಹೊಸತೇನಲ್ಲ, ವಿಲಿಯಂ ರೀವರ ಕನ್ನಡ ನಿಘಂಟು 1832ರಲ್ಲಿ ಮದರಾಸಿನಲ್ಲೇ ಅಚ್ಚಾಯಿತು. ಆದರೆ ಇಂದಿನ ಮಗುವಿಗೆ ಕನ್ನಡವೆಂದರೆ ಅಮ್ಮನ ಮೊಬೈಲಿನ ಪರದೆ ಮತ್ತು ಈ ಮಾಸಪತ್ರಿಕೆ, ಎರಡೇ. ಅಲ್ಲಿ ಅಕ್ಷರ ಕೆಟ್ಟರೆ ತಿದ್ದಲು ಮೂರನೆಯ ಕಡೆ ಇಲ್ಲ.

ಕೆಡುವುದಾದರೂ ಎಲ್ಲಿ? ತಮಿಳು ಓದಿ ಬಂದ ಮಗುವಿಗೆ ಕನ್ನಡದಲ್ಲಿ ಎಲ್ಲಿ ಕಷ್ಟವೋ ಸರಿಯಾಗಿ ಅಲ್ಲೇ. ತಮಿಳಿನಲ್ಲಿ ಒತ್ತಕ್ಷರವಿಲ್ಲ, ಅಕ್ಷರದ ತಲೆಯ ಮೇಲೊಂದು ಚುಕ್ಕಿ ಇಟ್ಟು ಪಕ್ಕಪಕ್ಕದಲ್ಲಿ ಬರೆಯುತ್ತಾರೆ. ಕನ್ನಡದಲ್ಲಿ ಎರಡನೆಯದು ಕೆಳಗಿಳಿದು, ರೂಪ ಬದಲಿಸಿ ಕೂರುತ್ತದೆ. ತಮಿಳಿನಲ್ಲಿ ಮಹಾಪ್ರಾಣವಿಲ್ಲ, ಕನ್ನಡದಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ಭೇದ ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು. ಇಂಗ್ಲಿಷಿನ ಅಳತೆಗೆ ಸಾಲಿನ ಅಂತರ ಇಟ್ಟ ಪುಟದಲ್ಲಿ ಒತ್ತಕ್ಷರದ ಬಾಲ ಕತ್ತರಿಸಿ ಹೋಗುತ್ತದೆ, ಅಕ್ಷರ ಚಿಕ್ಕದಾದಾಗ ಸೀಳು ಮುಚ್ಚಿಹೋಗುತ್ತದೆ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಎರಡನೆಯ ವರ್ಷದ ಹುಡುಗಿಯೊಬ್ಬಳು ಯಾವುದೋ ಕಥೆಯ ಆ್ಯಪಿನಿಂದ ‘ಅಗಸನ ಕತೆ ಓಡಿಹೋಯಿತು’ ಎಂದು ಓದಿದಳು. ಎಲ್ಲರೂ ನಕ್ಕರು. ಅವಳ ಮೊಬೈಲನ್ನು ತೆಗೆದುಕೊಂಡು ನೋಡಿದರೆ ಕತ್ತೆಯ ತವೊತ್ತು ಪರದೆಯಲ್ಲಿ ಇರಲೇ ಇಲ್ಲ, ಕೆಳಗಿನ ಸಾಲಿನ ಹಿಂದೆ ನುಂಗಿಹೋಗಿತ್ತು. ಅವಳು ಕಂಡದ್ದನ್ನು ಸರಿಯಾಗಿಯೇ ಓದಿದ್ದಳು. ಮುಂದಿನ ಎರಡು ಭಾನುವಾರ ಅವಳು ಗಟ್ಟಿಯಾಗಿ ಓದಲು ಒಪ್ಪಲಿಲ್ಲ.

ಆದ್ದರಿಂದ ನಮ್ಮದೂ ಒಂದು ಕೇಳದ ವಿನ್ಯಾಸ. ಬಣ್ಣವನ್ನೂ ಗುಂಡಿಯನ್ನೂ ಅವರು ಹೇಗಾದರೂ ಇಟ್ಟುಕೊಳ್ಳಲಿ.

ಕನ್ನಡ ಎಂದು ಆರಿಸಿದ ಕೂಡಲೇ ಕಣ್ಣಿಗೆ ಬೀಳುವ ಮಾದರಿ ಸಾಲು ಕಷ್ಟದ ಸಾಲಾಗಿರಬೇಕು. ನಾವು ಬಿ.ಎಸ್ಸಿ. ಓದುವಾಗ ಸ್ಪ್ರಿಂಗಿನ ತಕ್ಕಡಿ ನಂಬಬಹುದೇ ಎಂದು ನೋಡಲು ಹಗುರವಾದ ಬಟ್ಟನ್ನಲ್ಲ, ತೂಕದ ಬಟ್ಟನ್ನು ತೂಗಿಸುತ್ತಿದ್ದರು. ‘ಕಮಲ’ ಎಂದು ಬರೆದು ತೋರಿಸಿದರೆ ಯಾವ ಫಾಂಟಾದರೂ ಚೆಂದವೇ. ‘ಸ್ಥೈರ್ಯ’ ಎಂದು ಬರೆಯಿಸಿ: ಅದರಲ್ಲಿ ಒತ್ತು, ಐತ್ವ, ಅರ್ಕಾವತ್ತು ಮೂರೂ ಇವೆ. ‘ರಾಷ್ಟ್ರೀಯ’, ‘ವೈಶಿಷ್ಟ್ಯ’ಗಳಲ್ಲಿ ಒಂದರ ಕೆಳಗೆ ಎರಡು ಒತ್ತು. ‘ಮ’ ಮತ್ತು ‘ವು’ ಪಕ್ಕಪಕ್ಕ ಇರಲಿ, ‘ಪ’, ‘ವ’, ‘ಷ’ ಒಟ್ಟಿಗಿರಲಿ, ಸೊನ್ನೆಯೂ ಅನುಸ್ವಾರವೂ ಅಕ್ಕಪಕ್ಕ ನಿಲ್ಲಲಿ. ‘ರ‍್ಯಾಂಕು’ ಎಂದು ಬರೆದರೆ ರಕಾರ ಮುಂದೆ ನಿಲ್ಲುತ್ತದೆಯೇ ಅಥವಾ ಅರ್ಕಾವತ್ತಾಗಿ ಹಿಂದಕ್ಕೆ ಓಡುತ್ತದೆಯೇ ಎಂಬುದೂ ತಿಳಿಯಲಿ. ಮೂರು ಸಾಲು ಒಂದರ ಕೆಳಗೊಂದು ತೋರಿಸಬೇಕು, ಒಂದೇ ಸಾಲು ತೋರಿಸಿದರೆ ಬಾಲ ಕತ್ತರಿಸಿದ್ದು ಗೊತ್ತಾಗುವುದೇ ಇಲ್ಲ. ಜೊತೆಗೆ, ಈ ಫಾಂಟಿಗೆ ಸಾಲಿನ ನಡುವೆ ಕನಿಷ್ಠ ಇಷ್ಟು ಜಾಗ ಬೇಕು ಎಂದು ಅಂಗಡಿಯವನೇ ಚೀಟಿ ಅಂಟಿಸಲಿ. ನಮ್ಮ ಹುಡುಗಿಯ ಕತ್ತೆ ತಪ್ಪಿಸಿಕೊಂಡದ್ದು ಆ ಚೀಟಿ ಇಲ್ಲದ್ದರಿಂದ.

ಎರಡನೆಯದು ವಿಂಗಡಣೆ. 2016ರ ರೂಪದಲ್ಲಿ ಇದ್ದ ಗುಂಪುಗಳು ಐದು: ಸೆರಿಫ್, ಸ್ಯಾನ್ಸ್ ಸೆರಿಫ್, ಡಿಸ್‌ಪ್ಲೇ, ಹ್ಯಾಂಡ್‌ರೈಟಿಂಗ್, ಮಾನೋಸ್ಪೇಸ್. ಸೆರಿಫ್ ಎಂದರೆ ರೋಮನ್ ಅಕ್ಷರದ ಕಾಲಿನ ಗೆಜ್ಜೆ. ತಾಳೆಗರಿಯ ಮೇಲೆ ಕಂಟದಲ್ಲಿ ದುಂಡಗೆ ಬೆಳೆದ ನಮ್ಮ ಅಕ್ಷರಕ್ಕೆ ಕಾಲೆಲ್ಲಿ, ಗೆಜ್ಜೆ ಎಲ್ಲಿ? ನಮ್ಮದು ತಲೆಕಟ್ಟು, ಅದೂ ಕ, ಗ, ತಗಳಿಗುಂಟು, ಜ, ಬ, ಲಗಳಿಗಿಲ್ಲ. ಪರರ ಪಂಚೆಯ ಅಳತೆಗೆ ನಮ್ಮ ಸೊಂಟವನ್ನು ವರ್ಗೀಕರಿಸಿದ ಹಾಗಾಯಿತು. ಪುಸ್ತಕದ ಒಡಲಿಗೆ, ತಲೆಬರಹಕ್ಕೆ, ಮೊಬೈಲಿನ ಚಿಕ್ಕ ಅಳತೆಗೆ, ಹೊಸದಾಗಿ ಓದುವ ಮಕ್ಕಳಿಗೆ ಎಂದು ವಿಂಗಡಿಸಿದರೆ ಸಾಕು. ಅದರಿಂದ ತಮಿಳಿಗೂ ತೆಲುಗಿಗೂ ಮಲಯಾಳಕ್ಕೂ ಉಪಕಾರವೇ.

ದೋಷ ಕಂಡರೆ ಕನ್ನಡದಲ್ಲೇ ಬರೆದು ತಿಳಿಸುವ ಒಂದು ಕಿಟಕಿಯೂ ಇರಲಿ. ಇಂಗ್ಲಿಷ್ ಬಲ್ಲ ಗುಮಾಸ್ತರು ನಾವು ಹೇಗೋ ಬರೆದೇವು. ಒತ್ತಕ್ಷರ ಕಾಣದಿದ್ದಾಗ ಮೊದಲು ಗುರುತಿಸುವವರು ನಮ್ಮ ಮನೆಯ ಅಜ್ಜಿಯರು.

ಇದಕ್ಕೆ ಕಂಪನಿಯವರು ಓಗೊಡುತ್ತಾರೆಯೇ ಎಂದರೆ, ‘ಕುಡಿ ಅರಸು’ ಕಾದದ್ದು 43 ವರ್ಷ. ಅಷ್ಟರವರೆಗೆ ಸುಮ್ಮನಿರಬೇಕಾಗಿಲ್ಲ. ನಿಮ್ಮ ಮಗು ಪರದೆಯ ಮೇಲೆ ತಪ್ಪಾಗಿ ಓದಿದ ಪದ, ಅದು ಕಂಡ ಜಾಲತಾಣ ಅಥವಾ ಆ್ಯಪಿನ ಹೆಸರು, ಮೊಬೈಲಿನಲ್ಲೋ ಗಣಕದಲ್ಲೋ ಎಂಬ ವಿವರ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಸಾಧ್ಯವಾದರೆ ಪರದೆಯ ಚಿತ್ರವನ್ನೂ ಸೇರಿಸಿ, ಭಾನುವಾರ ತರಗತಿಗೆ ಬರುವಾಗ ತನ್ನಿ. ಐವತ್ತು ಪದ ಕೂಡಿದ ಕೂಡಲೇ ಕಳಿಸುತ್ತೇವೆ. ಮೊದಲನೆಯ ಪದ ಆಗಲೇ ಪಟ್ಟಿಯಲ್ಲಿದೆ: ಕತ್ತೆ.