ಸುಂಕದ ಮಾತು ಸಾಕು, ಡೋಸ್ ಲೆಕ್ಕ ಹಾಕಿ

ಕ್ಯಾನ್ಸರ್ ಔಷಧಿಗಳ ತೆರಿಗೆ ಇಳಿದಾಗಲೆಲ್ಲ ಚಪ್ಪಾಳೆ ಬೀಳುತ್ತದೆ. 2024ರ ಜುಲೈ ಬಜೆಟ್‌ನಲ್ಲಿ ಮೂರು ಔಷಧಿಗಳ ಕಸ್ಟಮ್ಸ್ ಸುಂಕ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ 33 ಜೀವರಕ್ಷಕ ಔಷಧಿಗಳ ಶೇ 12ರ ಜಿಎಸ್‌ಟಿ ಸೊನ್ನೆಗೆ ಬಂತು. ಬೇಡ ಎನ್ನುವವರು ಯಾರು? ಆದರೆ ಲಕ್ಷಗಟ್ಟಲೆ ಬಿಲ್ಲಿನಲ್ಲಿ ಲಕ್ಷಕ್ಕೆ ಹತ್ತು–ಹನ್ನೆರಡು ಸಾವಿರ ಬಿಟ್ಟರೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಬೆಲೆ ಇಳಿಸುವ ನಿಜವಾದ ದಾರಿ ಡೋಸ್‌ನಲ್ಲಿದೆ. ಅದರ ಪುರಾವೆ ನಮ್ಮ ದೇಶದಲ್ಲೇ ಸಿಕ್ಕಿ ವರ್ಷಗಳಾದವು.

ಮುಂಬೈನ ಟಾಟಾ ಮೆಮೋರಿಯಲ್ ವೈದ್ಯರು 2022ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ತಲೆ ಮತ್ತು ಕುತ್ತಿಗೆ ಕ್ಯಾನ್ಸರ್ ಉಲ್ಬಣಿಸಿದ 151 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮಾತ್ರೆಗಳ ಕೀಮೊ ಮಾತ್ರ. ಉಳಿದವರಿಗೆ ಅದರ ಜೊತೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿ. ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ 16.3, ಎರಡನೆಯದರಲ್ಲಿ ಶೇ 43.4.

ವಾಡಿಕೆಯ ಡೋಸ್ ಎಷ್ಟು? ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಆರು ವಾರಕ್ಕೆ 720. ಟಾಟಾ ವೈದ್ಯರು ಕೊಟ್ಟದ್ದು 40. ಹದಿನೆಂಟನೇ ಒಂದು ಪಾಲು! ಇಷ್ಟು ಕಡಿತ ಕೊಡುವ ಹಣಕಾಸು ಸಚಿವರು ಇನ್ನೂ ಹುಟ್ಟಬೇಕಷ್ಟೆ.

ತಕರಾರು ಗೊತ್ತಿರುವುದೇ: ಕಡಿಮೆ ಡೋಸ್ ಪೂರ್ಣ ಡೋಸ್‌ಗೆ ಸಮ ಎಂದು ಈ ಅಧ್ಯಯನ ಸಾಬೀತುಪಡಿಸಿಲ್ಲ. ನಿಜ, ಅದು ಆ ಹೋಲಿಕೆಯನ್ನೇ ಮಾಡಲಿಲ್ಲ. ಆದರೆ ನಮ್ಮಂಥ ದೇಶಗಳಲ್ಲಿ ಪೂರ್ಣ ಡೋಸ್ ಕೈಗೆಟುಕುವುದು ಶೇ 3ರಷ್ಟು ರೋಗಿಗಳಿಗೂ ಇಲ್ಲ. ಉಳಿದವರ ಮುಂದಿರುವ ಆಯ್ಕೆ 20 ಇಲ್ಲವೇ ಸೊನ್ನೆ. ಅಷ್ಟಕ್ಕೂ, ಈ ಔಷಧಿಯ ಆರಂಭದ ಪ್ರಯೋಗಗಳಲ್ಲಿ ಕಿಲೋ ತೂಕಕ್ಕೆ 0.3ರಿಂದ 10 ಮಿಲಿಗ್ರಾಂವರೆಗೆ ಏರಿಸಿದಾಗಲೂ ರೋಗನಿರೋಧಕ ಕಣಗಳ ಮೇಲೆ ಅದು ಹಿಡಿಯುವ ಜಾಗ ಹೆಚ್ಚೇನೂ ಬದಲಾಗಿರಲಿಲ್ಲ. ಕಂಪನಿಗಳಿಗೂ ಇದು ಗೊತ್ತು. ತನ್ನ ಮಾರಾಟವನ್ನು ತಾನೇ ಹದಿನೆಂಟನೇ ಒಂದಕ್ಕೆ ಇಳಿಸಿಕೊಳ್ಳುವ ಅರ್ಜಿಯನ್ನು ಯಾವ ಕಂಪನಿ ಹಾಕೀತು? ಆ ಕೆಲಸ ಸರ್ಕಾರದ್ದು. ಕ್ಯಾನ್ಸರ್ ಆಸ್ಪತ್ರೆಗಳ ಜಾಲವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ 40 ಔಷಧಿಗಳನ್ನು ಒಟ್ಟಾಗಿ ಖರೀದಿಸಿ ಸುಮಾರು 1,320 ಕೋಟಿ ರೂಪಾಯಿ ಉಳಿಸಿ ತೋರಿಸಿದೆ. ಕಡಿಮೆ ಡೋಸ್‌ನ ದೊಡ್ಡ ಪ್ರಯೋಗಗಳನ್ನೂ ಅದರ ಆಸ್ಪತ್ರೆಗಳಿಗೇ ವಹಿಸಿ ಹಣ ಕೊಡಬಹುದು.

ಗುಟ್ಕಾ ಜಗಿದು ಬಾಯಿ ಕಳೆದುಕೊಂಡವರು ಬಂದು ಸೇರುವ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಕಡಿಮೆ ಡೋಸ್ ಕೊಡಲು ತೊಡಕೂ ಕಮ್ಮಿ: 40 ಮಿಲಿಗ್ರಾಂನ ಒಂದು ಸೀಸೆಯನ್ನು ಒಂದೇ ದಿನ ಇಬ್ಬರಿಗೆ ಹಂಚಬಹುದು. ರೋಗಿಗಳು ಅಪರೂಪವಾದ ಜಿಲ್ಲಾ ಆಸ್ಪತ್ರೆಯಲ್ಲಿ ಅರ್ಧ ಸೀಸೆ ಚೆಲ್ಲಬೇಕಾದೀತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಪ್ಯಾಕೇಜ್ ದರದಲ್ಲಿ ಆ ಚೆಲ್ಲಿದ್ದನ್ನೂ ಸೇರಿಸಿ ಕೊಡಲಿ. ಆಗಲೂ ಖರ್ಚಾಗುವುದು ಪೂರ್ಣ ಡೋಸ್‌ನ ಒಂಬತ್ತನೇ ಒಂದು ಪಾಲು.