ಹತ್ತು ಪಟ್ಟು ವೇಗ, ಯಾರ ಲೆಕ್ಕದಲ್ಲಿ?

"ನಮ್ಮ ಡೇಟಾಬೇಸ್ ಅವರದಕ್ಕಿಂತ ಹತ್ತು ಪಟ್ಟು ವೇಗ" ಎಂಬ ಜಾಹೀರಾತು ಕಂಡಾಗಲೆಲ್ಲ ನನ್ನದು ಒಂದೇ ಪ್ರಶ್ನೆ: ಎದುರಾಳಿಯ ಡೇಟಾಬೇಸನ್ನು ಟ್ಯೂನ್ ಮಾಡಿದವರು ಯಾರು? ಬಹುತೇಕ ಜಾಹೀರಾತು ಕೊಟ್ಟವರೇ. ತಮ್ಮದನ್ನು ತಿಂಗಳುಗಟ್ಟಲೆ ತಿದ್ದಿ ತೀಡಿರುತ್ತಾರೆ, ಎದುರಾಳಿಯದನ್ನು ಇನ್‌ಸ್ಟಾಲ್ ಮಾಡಿದ ಹಾಗೇ ಬಿಟ್ಟಿರುತ್ತಾರೆ. ಸರ್ವರ್‌ನಲ್ಲಿ 64 ಜಿಬಿ ಮೆಮೊರಿ ಇದ್ದರೂ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಾನಾಗಿ ತನ್ನ ಬಫರ್‌ಗೆ ತೆಗೆದುಕೊಳ್ಳುವುದು ಸಾಮಾನ್ಯವಾಗಿ 128 ಎಂಬಿ ಮಾತ್ರ. ಅದನ್ನು ಬದಲಿಸದೆ ಸೋಲಿಸುವುದೆಂದರೆ ಎದುರಿನ ಕೋಣಗಳ ಕಾಲು ಕಟ್ಟಿ ಕಂಬಳ ಗೆದ್ದ ಹಾಗೆ.

ಇನ್ನೊಂದು ಮೋಸ ಇದಕ್ಕಿಂತ ನಾಜೂಕು. ಬರೆದದ್ದು ಡಿಸ್ಕ್ ಸೇರಿದ ಮೇಲೆ "ಆಯಿತು" ಎನ್ನುವ ಡೇಟಾಬೇಸ್ ಮಾಡುವ ಕೆಲಸವೇ ಬೇರೆ, ಮೆಮೊರಿಯಲ್ಲಿಟ್ಟುಕೊಂಡೇ "ಆಯಿತು" ಎನ್ನುವುದರ ಕೆಲಸವೇ ಬೇರೆ. 2012ರ ಕೊನೆಯವರೆಗೂ ಮೊಂಗೊಡಿಬಿ ಎಂಬ ಡೇಟಾಬೇಸಿನ ಡ್ರೈವರ್‌ಗಳು, ಪ್ರೋಗ್ರಾಮರ್ ವಿಶೇಷವಾಗಿ ಹೇಳದ ಹೊರತು, ಸರ್ವರ್‌ನ ಉತ್ತರಕ್ಕೂ ಕಾಯುತ್ತಿರಲಿಲ್ಲ. ಕರೆಂಟು ಹೋದರೆ ಜಮಾ ಆದ ಹಣದ ದಾಖಲೆಯೇ ಉಳಿಯದಂಥ ವೇಗ ಯಾವ ಬ್ಯಾಂಕಿಗೆ ಬೇಕು? ಅಂಕಿಯೊಂದೇ ಸಾಕು, ವಿವರ ಬೇಡ ಎನ್ನುವವರ ಜೊತೆ ನನಗೆ ಚರ್ಚೆಯಿಲ್ಲ.

ಹೋಲಿಕೆಯ ಪ್ರಕಟಣೆಯನ್ನೇ ತಡೆಯುವ ಕಂಪನಿಗಳ ವಾದದಲ್ಲಿ ಮಾತ್ರ ತಿರುಳಿದೆ. ಒಳಗುಟ್ಟು ಅರಿಯದವರು ತಪ್ಪಾಗಿ ಓಡಿಸಿ ನಮ್ಮ ಹೆಸರು ಕೆಡಿಸುತ್ತಾರೆ ಎನ್ನುತ್ತಾರೆ ಅವರು. ನಿಜ, ಹಾಗೂ ಆಗುತ್ತದೆ. ಆದರೆ ಈ ತಡೆ ಹುಟ್ಟಿದ ಬಗೆ ನೋಡಿ. 1983ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಡಿವಿಟ್ ಮತ್ತು ಸಂಗಡಿಗರು ಹಲವು ಡೇಟಾಬೇಸ್‌ಗಳನ್ನು ಒಂದೇ ಪರೀಕ್ಷೆಗೆ ಒಡ್ಡಿ ಫಲಿತಾಂಶ ಪ್ರಕಟಿಸಿದರು. ಒರಾಕಲ್ ಹಿಂದೆ ಬಿತ್ತು. ಅದರ ಮುಖ್ಯಸ್ಥ ಲ್ಯಾರಿ ಎಲಿಸನ್ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿ, ಡಿವಿಟ್‌ರನ್ನು ಕೆಲಸದಿಂದ ತೆಗೆಯಿರಿ ಎಂದರಂತೆ. ಡಿವಿಟ್ ಅಲ್ಲೇ ಉಳಿದರು. ಒರಾಕಲ್ ಲೈಸೆನ್ಸಿನೊಳಗೆ ಮಾತ್ರ ಹೊಸ ಷರತ್ತೊಂದು ಬಂತು: ನಮ್ಮ ಒಪ್ಪಿಗೆಯಿಲ್ಲದೆ ಬೆಂಚ್‌ಮಾರ್ಕ್ ಫಲಿತಾಂಶ ಪ್ರಕಟಿಸಕೂಡದು. ಬೇರೆ ಕಂಪನಿಗಳೂ ಅದನ್ನೇ ಎತ್ತಿಕೊಂಡವು. ಅದಕ್ಕೆ ಡಿವಿಟ್ ಷರತ್ತು ಎಂದೇ ಹೆಸರು ನಿಂತಿತು. ಪರೀಕ್ಷೆ ತಪ್ಪಿದ್ದರೆ ಎಲ್ಲಿ ತಪ್ಪಿತೆಂದು ತೋರಿಸಬೇಕಿತ್ತು, ಬಾಯಿ ಮುಚ್ಚಿಸುವುದು ಉತ್ತರವೇ?

ಇಂಥ ಪರೀಕ್ಷೆಗಳನ್ನು ರೂಪಿಸಲು 1988ರಲ್ಲಿ ಹುಟ್ಟಿದ ಟಿಪಿಸಿ ಎಂಬ ಮಂಡಳಿ ಹೆಚ್ಚು ನೇರವಾದ ದಾರಿ ಹಿಡಿಯಿತು: ಸ್ವತಂತ್ರ ಆಡಿಟರ್, ಯಂತ್ರದ ಬೆಲೆ, ಸೆಟ್ಟಿಂಗ್‌ಗಳ ಪೂರ್ತಿ ವರದಿ. ಅದನ್ನೂ ಕಂಪನಿಗಳು ಏಮಾರಿಸಿದವು. ಅದರ ಟಿಪಿಸಿ-ಡಿ ಪರೀಕ್ಷೆಯ ಪ್ರಶ್ನೆಗಳು ಮೊದಲೇ ಗೊತ್ತಿದ್ದುದರಿಂದ ಉತ್ತರಗಳನ್ನು ಮುಂಚೆಯೇ ಲೆಕ್ಕ ಹಾಕಿಟ್ಟುಕೊಳ್ಳುವ ತಂತ್ರ ಬಂತು, 1999ರಲ್ಲಿ ಆ ಪರೀಕ್ಷೆಯನ್ನೇ ಕೈಬಿಡಬೇಕಾಯಿತು. ಆದರೂ ವರದಿ ತೆರೆದಿಟ್ಟರೆ ಅಂಥ ತಂತ್ರವನ್ನು ಯಾರು ಬೇಕಾದರೂ ಪರಿಶೀಲಿಸಬಹುದು. 2021ರಲ್ಲಿ ಡೇಟಾಬ್ರಿಕ್ಸ್ ಮತ್ತು ಸ್ನೋಫ್ಲೇಕ್ ಕಂಪನಿಗಳು ಯಾರದು ವೇಗವೆಂದು ಬಹಿರಂಗವಾಗಿಯೇ ಕಿತ್ತಾಡಿದವು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಎರಡೂ ಡಿವಿಟ್ ಷರತ್ತನ್ನು ಸಡಿಲಿಸಿದವು. ಅಂಥ ಜಗಳಗಳು ಇನ್ನೂ ಹೆಚ್ಚಲಿ.