ಮನೆಯಲ್ಲಿ ಮೋಟಾರ್ ಸೈಕಲ್ಲಿನ ಚೌಕಟ್ಟು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳು ಒಕ್ಕಲುತನದ ಸೀಮೆಗಳು. ಇಲ್ಲಿಯ ಬಡಿಗ ಕಮ್ಮಾರರು ತಲೆಮಾರುಗಳಿಂದ ಚಕ್ಕಡಿ, ರಂಟೆ, ಕುಂಟೆ, ಕೂರಿಗೆಗಳನ್ನು ಮಾಡುತ್ತ ಬಂದವರು. ಈಗ ಕುಲುಮೆಯ ಸ್ಥಾನಕ್ಕೆ ವಿದ್ಯುತ್ ಬೆಸುಗೆಯ ಯಂತ್ರವು ಬಂದಿದೆ. ಹೀಗಿರಲು ಮನೆಯ ತರುಣನೊಬ್ಬನು ಹಳೆಯ ಎಂಜಿನ್ನನ್ನು ತಂದಿಟ್ಟು, ಇದಕ್ಕೆ ಚೌಕಟ್ಟನ್ನು ನಾನೇ ಮಾಡುವೆನೆಂದರೆ ಆಶ್ಚರ್ಯವೇನೂ ಇಲ್ಲ. ಹಿರಿಯರು ಅವನಿಗೆ ಹೂಂ ಅನ್ನುವ ಮೊದಲು, ಅಥವಾ ಉಹೂಂ ಅನ್ನುವ ಮೊದಲು, ಈ ಕೆಲಸದ ಸ್ವರೂಪವನ್ನು ತಿಳಿದುಕೊಳ್ಳುವದು ಒಳ್ಳೆಯದು.

ಚೌಕಟ್ಟು ಎಂಜಿನ್ನನ್ನು ಹೊರುವದು. ಆದರೆ ಅದರ ಮುಖ್ಯ ಕೆಲಸವು ಬೇರೆ. ಮುಂದೆ ಹ್ಯಾಂಡಲು ತಿರುಗುವ ಕೊರಳು, ಹಿಂದೆ ಗಾಲಿಯ ತೋಳು ಆಡುವ ಕೀಲು, ಇವೆರಡನ್ನೂ ಸೊಟ್ಟಾಗಗೊಡದೆ ಹಿಡಿದು, ಎರಡೂ ಗಾಲಿಗಳು ಒಂದೇ ಗೆರೆಯಲ್ಲಿ ಓಡುವಂತೆ ಮಾಡುವದೇ ಅದರ ಧರ್ಮ. ಎಷ್ಟು ದಪ್ಪ ಕೊಳವೆಯನ್ನು ಹಾಕಿದರೂ ಈ ಗೆರೆ ತಪ್ಪಿದರೆ ಗಾಡಿಯು ಒಂದು ಕಡೆಗೆ ಎಳೆಯುವದು.

ಕೊರಳು ನೆಟ್ಟಗಿರುವದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಈ ವಾಲಿಕೆಗೆ ರೇಕ್ ಎನ್ನುವರು. ರಸ್ತೆಯ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ 24ರಿಂದ 30 ಅಂಶ. ಕೊರಳಿನ ಗೆರೆಯನ್ನು ನೆಲದ ವರೆಗೆ ಎಳೆದರೆ, ಅದು ಮುಂದಿನ ಗಾಲಿಯು ನೆಲ ಮುಟ್ಟುವ ಸ್ಥಳಕ್ಕಿಂತ ತುಸು ಮುಂದೆ ಬೀಳುವದು. ಈ ಅಂತರಕ್ಕೆ ಟ್ರೇಲ್ ಎಂದು ಹೆಸರು. ತಳ್ಳುಗಾಡಿಯ ಸಣ್ಣ ತಿರುಗುಗಾಲಿಯು ತನ್ನ ಕೀಲಿನ ಹಿಂದೆ ತಾನಾಗಿ ಬಂದು ನಿಲ್ಲುವಂತೆ, ಮುಂದಿನ ಗಾಲಿಯೂ ಈ ಅಂತರದ ಬಲದಿಂದಲೇ ನೇರಕ್ಕೆ ಬರುವದು. ಅದು ತೀರ ಕಡಿಮೆಯಾದರೆ ವೇಗದಲ್ಲಿ ಹ್ಯಾಂಡಲು ನಡುಗುವದು. ತೀರ ಹೆಚ್ಚಾದರೆ ತಿರುವಿನಲ್ಲಿ ಗಾಡಿಯು ಮೊಂಡ ಎತ್ತಿನಂತೆ ಹಟ ಹಿಡಿಯುವದು.

ಇದರಲ್ಲಿ ಕೂದಲೆಳೆಯ ಲೆಕ್ಕವಿದೆ. ಗಾಲಿಯ ತ್ರಿಜ್ಯ 300 ಮಿಲಿಮೀಟರು, ವಾಲಿಕೆ 27 ಅಂಶ, ಕೊರಳಿನ ಗೆರೆಯಿಂದ ಗಾಲಿಯ ಅಚ್ಚು ಮುಂದಿರುವ ದೂರ 50 ಮಿಲಿಮೀಟರು ಎಂದಿಟ್ಟುಕೊಳ್ಳಿರಿ. ಆಗ ಟ್ರೇಲ್ ಸುಮಾರು 97 ಮಿಲಿಮೀಟರು ಬರುವದು. ಇದು ಒಳ್ಳೆಯ ಅಳತೆ. ಬೆಸುಗೆಯಲ್ಲಿ ಕೊರಳು ಬರೇ 3 ಅಂಶ ಸರಿದು 30 ಆಯಿತೆಂದರೆ, ಅದೇ ಟ್ರೇಲ್ 115ಕ್ಕೆ ಏರುವದು. ಕಣ್ಣಿಗೆ ಕಾಣದ ತಪ್ಪನ್ನು ಸವಾರನ ಕೈ ಅರಿಯುವದು.

ಕೊರಳು ಸರಿಯುವದು ಯಾತರಿಂದ? ಬೆಂಕಿಯಿಂದ. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವದನ್ನು ನಮ್ಮ ಕಡೆಯ ಹಿರಿಯರು ಕಂಡೇ ಇರುವರು. ಪಟ್ಟಿಯನ್ನು ಕೆಂಪಗೆ ಕಾಸಿ, ಹಿಗ್ಗಿದಾಗ ಕಟ್ಟಿಗೆಯ ಗಾಲಿಗೆ ತೊಡಿಸಿ ನೀರು ಸುರಿದರೆ, ಅದು ಕುಗ್ಗಿ ಗಾಲಿಯನ್ನು ಬಿಗಿಯಾಗಿ ಅಪ್ಪಿಕೊಳ್ಳುವದು. ಒಂದು ಮೀಟರು ಉದ್ದದ ಉಕ್ಕು 500 ಅಂಶ ಸೆಲ್ಸಿಯಸ್ ಕಾದರೆ ಸುಮಾರು 6 ಮಿಲಿಮೀಟರು ಹಿಗ್ಗುವದು, ತಣಿದಾಗ ಕುಗ್ಗುವದು. ಗಾಲಿಗೆ ಉಪಕಾರ ಮಾಡುವ ಈ ಗುಣವೇ ಚೌಕಟ್ಟಿಗೆ ವೈರಿ. ಬೆಸುಗೆಯು ತಣಿಯುವಾಗ ಕೊಳವೆಯನ್ನು ತನ್ನ ಕಡೆಗೆ ಜಗ್ಗುವದು.

ಆದುದರಿಂದ ಬಲ್ಲವರು ಮೊದಲು ಚೌಕಟ್ಟನ್ನು ಮಾಡುವದಿಲ್ಲ. ಅದನ್ನು ಹಿಡಿಯುವ ಜಿಗ್ಗನ್ನು ಮಾಡುವರು. ಸಮತಟ್ಟಾದ ಭಾರಿ ಉಕ್ಕಿನ ಮೇಜಿನ ಮೇಲೆ ಕೊರಳು, ಕೀಲು, ಎಂಜಿನ್ನಿನ ಕಿವಿಗಳನ್ನು ಅವವುಗಳ ಸ್ಥಳದಲ್ಲಿ ಬಿಗಿದು, ಬಳಿಕ ಕೊಳವೆಗಳನ್ನು ಕೂಡಿಸುವರು. ಕೊಳವೆಯ ತುದಿಯನ್ನು ಮೀನಿನ ಬಾಯಿಯಂತೆ ಕೊರೆದು ಸಂದಿಲ್ಲದಂತೆ ಕೂಡ್ರಿಸುವರು. ಮೊದಲು ಅಲ್ಲಲ್ಲಿ ಚುಕ್ಕೆಬೆಸುಗೆ. ಅಳತೆ ನೋಡಿದ ಮೇಲೆ ಎಡಕ್ಕೆ ತುಸು, ಬಲಕ್ಕೆ ತುಸು, ನಡುನಡುವೆ ತಣಿಯಗೊಟ್ಟು ಪೂರ್ಣ ಬೆಸುಗೆ. ಇದಕ್ಕೆ ಹೊಲಿಗೆಯಿಲ್ಲದ ಒಳ್ಳೆಯ ಉಕ್ಕಿನ ಕೊಳವೆಯೇ ಬೇಕು. ನೀರಿನ ನಳದ ಕೊಳವೆಯು ಈ ಕೆಲಸಕ್ಕಲ್ಲ; ಅದರ ಸತುವಿನ ಲೇಪವು ಬೆಸುಗೆಯಲ್ಲಿ ಹೊಗೆಯಾಗಿ ಎದ್ದು ಜ್ವರ ಬರಿಸುವದು. ಬೆಸುಗೆಯ ಬೆಳಕನ್ನು ಬರಿಗಣ್ಣಿನಿಂದ ನೋಡಗೊಡಬಾರದು, ಮಕ್ಕಳನ್ನಂತೂ ಹತ್ತಿರ ಬಿಡಲೇಬಾರದು. ಪೆಟ್ರೋಲು ತುಂಬಿದ್ದ ಟಾಕಿಯು ಬರಿದಾಗಿದ್ದರೂ ಅದಕ್ಕೆ ಮನೆಯಲ್ಲಿ ಬೆಸುಗೆ ಹಚ್ಚಲಾಗದು.

ಸಣ್ಣ ಕಮ್ಮಟದಿಂದ ದೊಡ್ಡ ಕೆಲಸ ಹುಟ್ಟಿದ್ದುಂಟು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ರೆಕ್ಸ್ ಮೆಕ್ಯಾಂಡ್ಲೆಸ್ ಎಂಬವನು ತನ್ನ ತಮ್ಮ ಕ್ರೋಮಿಯೊಡನೆ ಪ್ರಯೋಗ ಮಾಡಿ ಮಾಡಿ ಒಂದು ಚೌಕಟ್ಟನ್ನು ಸಾಧಿಸಿದನು. ನಾರ್ಟನ್ ಕಂಪನಿಯು 1950ರಲ್ಲಿ ಅದನ್ನು ತನ್ನ ಪಂದ್ಯದ ಗಾಡಿಗಳಿಗೆ ತೆಗೆದುಕೊಂಡಿತು. ಅದೇ ವರುಷ ಮ್ಯಾನ್ ದ್ವೀಪದ ಸೀನಿಯರ್ ಪಂದ್ಯವನ್ನು ಜೆಫ್ ಡ್ಯೂಕನು ಅದರ ಮೇಲೆ ಗೆದ್ದನು. ಹೊಸ ಎಂಜಿನ್ನಿನಿಂದಲ್ಲ, ಹೊಸ ಚೌಕಟ್ಟಿನಿಂದ ಹಳೆಯ ಎಂಜಿನ್ನಿಗೆ ಜೀವ ಬಂದಿತು. ನಮ್ಮ ನಾಡಿನಲ್ಲಿಯೂ ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯು 1961ರಿಂದ 1996ರ ವರೆಗೆ ಜಾವಾ, ಯೆಜ್ಡಿ ಗಾಡಿಗಳನ್ನು ಕಟ್ಟಿತು. ಅಂಥ ಒಂದು ಹಳೆಯ ಗಾಡಿಯು ದೊರೆತರೆ, ಕತ್ತರಿಸುವ ಮೊದಲು ಅದರ ಚೌಕಟ್ಟನ್ನು ಅಳೆದು ಕಾಗದದ ಮೇಲೆ ಬರೆಯುವದೇ ತರುಣನ ಮೊದಲನೆಯ ಪಾಠವಾಗಲಿ.

ಇನ್ನು ಕಾಯದೆಯ ಮಾತು. ಗಾಡಿಯ ನೋಂದಣಿ ಪತ್ರದಲ್ಲಿ ಚೌಕಟ್ಟಿನ ಸಂಖ್ಯೆಯೂ ಬರೆದಿರುತ್ತದೆ. ಮೋಟಾರು ವಾಹನ ಕಾಯದೆಯ 52ನೆಯ ಕಲಮಿನಂತೆ, ತಯಾರಕರು ಗೊತ್ತುಪಡಿಸಿದ ಮೂಲರಚನೆಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಲಾಗದು. ಸರ್ವೋಚ್ಚ ನ್ಯಾಯಾಲಯವು 2019ರ ಜನೇವರಿಯಲ್ಲಿ ಇದನ್ನೇ ಖಂಡಿತವಾಗಿ ಹೇಳಿದೆ. ಅದೇ ವರುಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳ ವರೆಗೆ ಸೆರೆ, ಇಲ್ಲವೆ ಎರಡೂ ಆಗಬಹುದು. ಹೊಸ ಮಾದರಿಯ ಗಾಡಿಯನ್ನು ಮಾರುವ ಕಾರಖಾನೆಗಳು ಕೂಡ ಅದನ್ನು ಪುಣೆಯ ಎಆರ್‌ಎಐಯಂಥ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಪ್ಪಿಸಬೇಕಾಗುವದು. ಮನೆಯ ಚೌಕಟ್ಟಿಗೆ ಆ ಪರೀಕ್ಷೆ ಎಲ್ಲಿಯದು? ಶಿಗ್ಗಾವಿಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಒಂದು ಬೆಸುಗೆ ಬಿಚ್ಚಿದರೆ ಹೋಗುವ ಜೀವವು ಸವಾರನದೊಂದೇ ಆಗಿರಲಿಕ್ಕಿಲ್ಲ.

ಹಾಗಾದರೆ ಈ ವಿದ್ಯೆ ವ್ಯರ್ಥವೇ? ಸರ್ವಥಾ ಅಲ್ಲ. ರಸ್ತೆಯನ್ನು ಬಿಟ್ಟುಕೊಡಿರಿ, ವಿದ್ಯೆಯನ್ನು ಬಿಡಬೇಡಿರಿ. ತರುಣನು ಮೊದಲು ಹತ್ತು ಜೋಡುಗಳನ್ನು ಬೆಸೆದು, ಗರಗಸದಿಂದ ಸೀಳಿ ಒಳಗನ್ನು ನೋಡಲಿ. ಸುತ್ತಿಗೆಯಿಂದ ಬಡಿದು, ಬೆಸುಗೆ ಮುರಿಯಿತೋ ಕೊಳವೆ ಬಾಗಿತೋ ಪರೀಕ್ಷಿಸಲಿ. ಕೆಂಪು ಬಣ್ಣವನ್ನು ಹಚ್ಚಿ ಒರೆಸಿ, ಬಿಳಿ ಪುಡಿಯನ್ನು ಹರಡಿ, ಬಿರುಕನ್ನು ಕಾಣುವ ಯುಕ್ತಿಯನ್ನು ಕಲಿಯಲಿ. ಐಟಿಐಯಲ್ಲಿ ಬೆಸುಗೆಯ ಶಿಕ್ಷಣವು ಒಂದೇ ವರುಷದ್ದು. ಎಂಜಿನಿಯರಿಂಗ್ ಓದುವವನಾದರೆ, ವಿದ್ಯಾರ್ಥಿಗಳೇ ಕೊಳವೆಯ ಚೌಕಟ್ಟಿನ ಗಾಡಿಯನ್ನು ಕಟ್ಟಿ, ತಜ್ಞರ ತಪಾಸಣೆಗೆ ಒಪ್ಪಿಸಿ, ಮುಚ್ಚಿದ ಮೈದಾನದಲ್ಲಿ ಓಡಿಸುವ ಬಾಹಾ ಸ್ಪರ್ಧೆಯಿದೆ.

ಮನೆಯ ಯಜಮಾನರು ಎಂಜಿನ್ನಿಗೆ ಹಣ ಕೊಡುವ ಮೊದಲು ಒಳ್ಳೆಯ ಅಳತೆಗೋಲಿಗೆ, ಕಣ್ಣಿನ ಮುಸುಕಿಗೆ, ಒಬ್ಬ ನುರಿತ ಬೆಸುಗೆಗಾರನ ಕೈಕೆಳಗಿನ ಆರು ತಿಂಗಳಿಗೆ ಕೊಡಲಿ. ಚೌಕಟ್ಟು ಮೇಜಿನ ಮೇಲೆಯೇ ಉಳಿದರೂ ಉಳಿಯಲಿ. ಅದನ್ನು ಗೆರೆ ತಪ್ಪದಂತೆ ಮಾಡಿದ ಕೈಗೆ ಈ ಸೀಮೆಯಲ್ಲಿ ಎಂದೂ ಕೆಲಸ ತಪ್ಪಲಾರದು.